ಪೈಪಿಗೆ ಹಾಸಿದ ಕೌದಿ

ಗುರಲಿಂಗಪ್ಪ ನೀರು ಕೇಳಿದ. ಆಗಲೇ ತಿಪ್ಪವ್ವನಿಗೆ ಸಂಶಯ ಬಂತು.

ಅವನು ಘೋಣಸಗಿಯ ಆ ಕೇರಿಗೆ ಎಂದೂ ಕಾಲಿಟ್ಟವನಲ್ಲ. ಗೋದಾಮಿನ ಸೂಪರವೈಜರ್. ವರ್ಷಗಟ್ಟಲೆ ಅವಳ ತಲೆಯ ಮೇಲೆ ನಿಂತು ಕೆಲಸ ತೆಗೆದಿದ್ದಾನೆ, ಅವಳು ತುಂಬಿಟ್ಟ ಕೊಡದಿಂದ ಒಂದು ಗುಟುಕು ಕುಡಿದಿಲ್ಲ. ಬಬಲೇಶ್ವರದಿಂದ ಬರುವಾಗಲೇ ಮೋಟರ್ ಸೈಕಲ್ಲಿಗೆ ಬಾಟಲಿ ತೂಗಹಾಕಿಕೊಂಡು ಬರುತ್ತಿದ್ದ. ಬಾಟಲಿ ಖಾಲಿಯಾದ ದಿನ ನಾಲಗೆ ಒಣಗಿಸಿಕೊಂಡು ಸಂಜೆಯ ತನಕ ಬೈಯುತ್ತ ತಿರುಗುತ್ತಿದ್ದ. ಅಂಥವನು ಇವತ್ತು ಅವಳ ಹೊಸ್ತಿಲ ಹೊರಗೆ ಕಲ್ಲಿನ ಮೇಲೆ ಕುಳಿತು, "ಒಂದ ತಂಬಿಗಿ ನೀರ ಕೊಡ ತಿಪ್ಪವ್ವ, ಬಿಸಲ ಭಾಳ ಐತಿ" ಅಂದ.

ಕೊಟ್ಟಳು. ತಂಬಿಗೆಯನ್ನು ತುಟಿಗೆ ತಾಗಿಸದೆ ಎತ್ತಿ ಸುರಿದುಕೊಂಡ. ಅರ್ಧ ಅಂಗಿಯ ಮೇಲೆ ಹೋಯಿತು. ತಿಪ್ಪವ್ವ ಅವನ ಗಂಟಲನ್ನೇ ನೋಡುತ್ತಿದ್ದಳು. ಕಹಿ ಗುಳಿಗೆ ನುಂಗುವವನ ಹಾಗೆ ಅದು ಮೇಲೆ ಹೋಗಿ ಕೆಳಗೆ ಬಂತು.

ಇವನಿಂದ ಇದನ್ನು ಯಾರು ಮಾಡಿಸಿದರು? ಯಾಕೆ ಮಾಡಿಸಿದರು?

ಅವನ ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲವಿತ್ತು. ಬಿಚ್ಚಿದ. ಹೊಸ ಸೋಲಾಪುರ ಚಾದರ. ಕೆಂಪು ನೆಲದಲ್ಲಿ ಹಳದಿ ಹೂವು. ಅಂಗಡಿಯ ವಾಸನೆ ಇನ್ನೂ ಹೋಗಿರಲಿಲ್ಲ.

"ಸಾವ್ಕಾರ ಕೊಟ್ಟ ಕಳಿಸ್ಯಾರ. ನಿನ್ನ ಕೌದಿ ಹಾಳಾತಲ್ಲ, ಅದರ ಬದಲಿ."

"ನನ್ನ ಕೌದಿ ಎಲ್ಲೈತ್ರಿ?"

"ಅದಕ್ಕ ರಕ್ತ ಆಗಿತ್ತ ಬೇ. ದೂರ ಒಗದಬಿಟ್ವಿ."

"ಎಲ್ಲಿ ಒಗದ್ರಿ?"

"ಕೌದಿ ಎಲ್ಲಿ ಒಗದೇವಿ ಅಂತ ಪಂಚನಾಮಿ ಮಾಡ್ತೀ ಏನು?" ನಕ್ಕ. ಅವಳು ನಗಲಿಲ್ಲ. ಅವನೂ ನಿಲ್ಲಿಸಿದ. ಆಚೀಚೆ ನೋಡಿ ದನಿ ಇಳಿಸಿದ. "ಕೇಳಿಲ್ಲಿ. ಮಂಗಳವಾರ ಸರಕಾರದ ಸಾಹೇಬ್ರು ಬರಾಕತ್ತಾರ. ನಿನ್ನ ಗಂಡ ಸಾಬಣ್ಣಗ ಪೆಟ್ಟ ಹೆಂಗಾತು ಅಂತ ಕೇಳತಾರ. ನೀ ಒಂದ ಮಾತ ಹೇಳಿದ್ರ ಸಾಕು. ಕೌದಿ ನಮ್ಮ ಮನ್ಯಾವ್ರ ತಂದು ಹಾಸಿದ್ರು, ಯಾರೂ ಹಾಸು ಅಂದಿದ್ದಿಲ್ಲ ಅಂತ."

"ಹಾಸು ಅಂದವರು ನೀವ ಅಲ್ಲೇನ್ರಿ?"

"ನಾ ಅಂದಿದ್ದನ್ನ ಯಾರ ಕೇಳ್ಯಾರ?"

"ನಾ ಕೇಳೇನಿ."

ಗುರಲಿಂಗಪ್ಪ ತಲೆ ಕೆರೆದುಕೊಂಡ. "ನಿನ್ನ ಮಗಳು ವಿಶಾಖಾ ಕಂಪ್ಯೂಟರ್ ಕಲ್ತಾಳಂತ. ಆಫೀಸ್ನ್ಯಾಗ ಒಂದ ಕುರ್ಚಿ ಖಾಲಿ ಐತಿ. ಸಾವ್ಕಾರ ಬಾಯಿಬಿಟ್ಟ ಅಂದಾರ. ನಾ ಅಂದಿದ್ದಲ್ಲ, ಅವರ ಅಂದಾರ."

"ಹೇಳಲಿಲ್ಲಂದ್ರ?"

"ಹೇಳ್ತೀ ತಗೋ."

ಎದ್ದು ಹೋದ. ಹೋಗುವಾಗ ತಂಬಿಗೆಯನ್ನು ಹೊಸ್ತಿಲ ಮೇಲೆ ಇಡಲಿಲ್ಲ. ಬಚ್ಚಲ ನೀರು ಹರಿಯುವ ಕಾಲುವೆಯ ಪಕ್ಕ, ನೆಲದ ಮೇಲೆ ಇಟ್ಟ. ಬಾಯಿ ಹೊಸ ಮಾತು ಕಲಿತಿತ್ತು. ಕೈ ಕಲಿತಿರಲಿಲ್ಲ.

ವಿಜಯಪುರ ದಾಟಿ ಇಟ್ಟಂಗಿಹಾಳದ ಕಡೆಗೆ ಹೊರಳಿದರೆ ರಸ್ತೆಯ ಪಕ್ಕ ಆ ಗೋದಾಮು. ಒಳಗೆ ಸ್ಟೀಲಿನ ಪೈಪು. ಹಾಲಿನ ಡೈರಿಗೆ, ದ್ರಾಕ್ಷಿ ರಸ ತೆಗೆಯುವ ಫ್ಯಾಕ್ಟರಿಗೆ, ಔಷಧಿ ಕಾರ್ಖಾನೆಗೆ ಹೋಗುವ ಪೈಪು. ಒಂದೊಂದು ತಿಪ್ಪವ್ವನ ಮನೆಗಿಂತ ಉದ್ದ. ಕನ್ನಡಿಯಂಥ ಮೈ. ಲಾರಿ ಬಂದಾಗ ಗಂಡಸರು ಹೆಗಲ ಮೇಲೆ ಹೊತ್ತು ಇಳಿಸಬೇಕು, ರ್ಯಾಕಿಗೆ ಏರಿಸಬೇಕು. ಮತ್ತೆ ಲಾರಿ ಬಂದಾಗ ಮತ್ತೆ ಹೊರಬೇಕು. ಹೆಂಗಸರು ಪೈಪು ಒರೆಸಬೇಕು, ಬಾಯಿಗೆ ಪ್ಲಾಸ್ಟಿಕ್ಕಿನ ಮುಚ್ಚಳ ಹಾಕಬೇಕು. ಪೈಪಿನೊಳಗೆ ಧೂಳು ಹೋಗಬಾರದು. ಗಂಡಸರ ಹೆಗಲ ಮೇಲೆ ಗಡ್ಡೆ ಎದ್ದಿದ್ದವು. ಹೆಂಗಸರ ಬೆರಳಿನ ಸಂದು ಒಡೆದಿದ್ದವು. ಪೈಪಿನ ಮೇಲೆ ಮಾತ್ರ ಒಂದು ಗೀರು ಇರಬಾರದು.

ಎತ್ತುವ ಗಂಡಸರಿಗೆ ಸಾಬಣ್ಣನೇ ಮುಂದಿನವನು. ಅವನು ಕೂಗುತ್ತಿದ್ದ: "ಹೆಗಲ ಕೊಡ್ರೋ!" ಉಳಿದವರು ಪೈಪಿನ ಕೆಳಗೆ ಹೆಗಲು ಕೊಟ್ಟು ತಿರುಗಿ ಕೂಗಬೇಕು: "ಕೊಟ್ಟೇವೋ!" ಆ ಮಾರುತ್ತರ ಬರುವ ತನಕ ಯಾರೂ ಒಂದು ಹೆಜ್ಜೆ ಕದಲುವ ಹಾಗಿಲ್ಲ. ಉದ್ದ ಪೈಪಿನ ಹಿಂದಿನ ತುದಿಯಲ್ಲಿದ್ದವನಿಗೆ ಮುಂದಿನವನು ಕಾಣುವುದಿಲ್ಲ. ದನಿಯೇ ಕಣ್ಣು.

ರ್ಯಾಕೆಂದರೆ ಕಬ್ಬಿಣದ ಕಂಬಗಳು. ಕಂಬದಿಂದ ಕಬ್ಬಿಣದ ತೋಳು ಹೊರಗೆ ಚಾಚಿರುತ್ತವೆ. ತೋಳಿನ ಮೇಲೆ ಪೈಪು ಮಲಗಬೇಕು. ಸಾವ್ಕಾರನ ಮಗ ಚೇತನಕುಮಾರ ಪುಣೆಯಲ್ಲಿ ಓದಿ ಬಂದವನು. ಕೆಲಸದವರನ್ನೆಲ್ಲ ನಿಲ್ಲಿಸಿಕೊಂಡು ಹೇಳಿದ್ದ:

"ಸ್ಟೀಲ್ ಪೈಪಿಗೆ ಕಬ್ಬಿಣ ಮುಟ್ಟಬಾರದು. ಕಬ್ಬಿಣದ ಪುಡಿ ಹತ್ತಿದ್ರ ಮುಂದ ತುಕ್ಕಿನ ಕಲಿ ಏಳತಾವ. ಮಾಲ್ ವಾಪಸ್ ಬರತೈತಿ. ನಡುವ ಏನರ ಮೆತ್ತಂದು ಇರಬೇಕು. ರಬ್ಬರ್ ತರಿಸ್ತೇನಿ."

ಅವತ್ತು ಮಧ್ಯಾಹ್ನ ರೊಟ್ಟಿ ಬಿಚ್ಚುವಾಗ ಸಾಬಣ್ಣ ನಕ್ಕಿದ್ದ. "ನೋಡ ಬೇ, ಇವಕ್ಕೂ ಮೈಲಿಗಿ ಐತಿ. ಎರಡೂ ಒಂದ ಮಣ್ಣಿನ ಮಾಲ. ಒಂದ ಇನ್ನೊಂದನ್ನ ಮುಟ್ಟಿದ್ರ ಹೊಲಸಾಗತೈತಂತ."

ರಬ್ಬರ್ ಬರಲಿಲ್ಲ. ಪೈಪು ಬಂದವು. ಗುರಲಿಂಗಪ್ಪನಿಗೆ ಉಪಾಯ ಹೊಳೆಯಿತು.

"ಮನಿಗೊಂದ ಕೌದಿ ತರ್ರಿ. ಹಳೇದಿದ್ರೂ ನಡೀತೈತಿ. ಮೆತ್ತಗಿದ್ರಾತು."

"ನಿಮ್ಮ ಮನಿಂದೂ ಒಂದ ತರ್ತೀರೇನ್ರಿ?" ಇಟ್ಟಂಗಿಹಾಳದ ಆಶಾಬಿ ಕೇಳಿದಳು. ಒರೆಸುವ ಹೆಂಗಸರಲ್ಲಿ ಬಾಯಿ ಜೋರಾದವಳು ಅವಳೊಬ್ಬಳೇ.

"ನಮ್ಮ ಮನಿ ಕೌದಿ ನಮ್ಮವ್ವ ಹೊಚಗೋತಾಳ."

"ನಮ್ಮ ಮನ್ಯಾಗ ಯಾರೂ ಹೊಚಗೊಳ್ಳೂದಿಲ್ಲ ಅಂದ್ಕೊಂಡಾರ ನೋಡ ಯಕ್ಕಾ" ಅಂದಳು ಆಶಾಬಿ. ಎಲ್ಲರೂ ನಕ್ಕರು. ನಕ್ಕು ಮರುದಿನ ತಂದರು. ತರದವರನ್ನು ಕೆಲಸಕ್ಕೆ ಕರೆತರುವ ಟೆಂಪೋ ಹತ್ತಿಸುವುದಿಲ್ಲ ಅಂದಿದ್ದ ಗುರಲಿಂಗಪ್ಪ.

ಘೋಣಸಗಿಯ ಆ ಕೇರಿಯಿಂದ ಬಂದವು, ಟಿಕೋಟದಿಂದ ಬಂದವು, ಇಟ್ಟಂಗಿಹಾಳದ ಸಾಬರ ಓಣಿಯಿಂದ ಬಂದವು. ಯಾರ ಕೌದಿಯ ಮೇಲೆ ಊರಿನವರು ಕುಂಡಿ ಊರುವುದಿಲ್ಲವೋ ಆ ಕೌದಿಯ ಮೇಲೆ ಡೈರಿಯ ಪೈಪು ಮಲಗಿದವು. ಊರಿನವರೆಲ್ಲ ಕುಡಿಯುವ ಹಾಲು ಹರಿಯುವ ಪೈಪು.

ತಿಪ್ಪವ್ವ ತಂದದ್ದು ತಾನೇ ಹೊಲಿದದ್ದು. ಅವ್ವನ ಇಳಕಲ್ ಸೀರೆಯ ಸೆರಗು, ವಿಶಾಖಾಳ ಕುಲಾಯಿಯ ತುಂಡು, ಸಾಬಣ್ಣನ ಮದುವೆಯ ಅಂಗಿಯ ಬೆನ್ನು. ಕೊನೆಯ ಮೂಲೆ ಮುಚ್ಚುವಾಗ ಒಂದು ಚಿಟಿಕೆ ಜೋಳ ಒಳಗೆ ಹಾಕಿ ಹೊಲಿಯುವುದು ಅವಳ ಅವ್ವ ಕಲಿಸಿದ್ದು. ಕೌದಿಯ ಹೊಟ್ಟೆ ಹಸಿದಿರಬಾರದು. ಹಸಿದ ಕೌದಿ ಯಾರನ್ನೂ ಬೆಚ್ಚಗಿಡುವುದಿಲ್ಲ. ಆ ಚಳಿಗಾಲ ಮನೆಯಲ್ಲಿ ಮೂವರೂ ಒಂದೇ ಕೌದಿ ಜಗ್ಗಾಡಿದರು. ಗೋದಾಮಿನಲ್ಲಿ ಪೈಪು ಬೆಚ್ಚಗೆ ಮಲಗಿದ್ದವು.

ಅಷ್ಟಕ್ಕೇ ನಿಂತಿದ್ದರೆ ಬೇರೆ ಮಾತು. ತೋಳುಗಳ ತುದಿಗೆ ಒಂದೊಂದು ಗೇಣಿನ ಗೂಟವಿತ್ತು. ಪೈಪು ಉರುಳದಂತೆ ತಡೆಯುವ ಕಬ್ಬಿಣದ ಗೂಟ. ಪೈಪು ತೆಗೆಯಬೇಕಾದರೆ ಗೂಟದ ಮೇಲಿನಿಂದ ಎತ್ತಿ ತರಬೇಕು. ಹೊತ್ತು ಹಿಡಿಯುತ್ತದೆ. ಲಾರಿ ಕಾಯುತ್ತದೆ. ಗುರಲಿಂಗಪ್ಪ ಗ್ಯಾಸ್ ಕಟರಿನವನನ್ನು ಕರೆಸಿ ಗೂಟಗಳನ್ನೆಲ್ಲ ಕೊಯ್ಯಿಸಿದ. ಈಗ ಪೈಪು ಕೌದಿಯ ಮೇಲೆ ಜಾರಿಸಿಕೊಂಡು ನೇರ ಹೆಗಲಿಗೆ ಎಳೆದುಕೊಳ್ಳಬಹುದು. ಲಾರಿ ಬೇಗ ತುಂಬಿದವು. ಚೇತನಕುಮಾರ ಭೇಷ್ ಅಂದ.

ಕೌದಿ ಸವೆದು ನುಣುಪಾಗುತ್ತ ಹೋಯಿತು. ಭಾರಕ್ಕೆ ತೋಳು ಮುಂದಕ್ಕೆ ಬಾಗುತ್ತ ಹೋದವು. ಯಾರೂ ಮುಟ್ಟದಿದ್ದಾಗಲೂ ರ್ಯಾಕಿನಲ್ಲಿ ಸಳ್ ಎಂದು ಸದ್ದಾಗುತ್ತಿತ್ತು. ಸಾಬಣ್ಣ ಹೋಗಿ ಗುರಲಿಂಗಪ್ಪನಿಗೆ ಹೇಳಿದ:

"ಪೈಪ್ ತಾವ ಜರಗಾಕತ್ತಾವ್ರಿ."

"ನಿನ್ನ ಕಣ್ಣಿನ ನೆದರ ಜರಗಾಕತ್ತೈತಿ. ನಿನ್ನೆ ಎಷ್ಟ ಹಾಕಿದ್ದಿ?"

ಸಾಬಣ್ಣ ಕುಡಿಯುವವನಲ್ಲ. ಎಲ್ಲರಿಗೂ ಗೊತ್ತು. ಗೊತ್ತಿದ್ದೂ ನಕ್ಕರು. ಸಾಬಣ್ಣನೂ ನಕ್ಕ.

ಪೆಟ್ಟಾದ ದಿನ ತಿಪ್ಪವ್ವ ಅದೇ ರ್ಯಾಕಿನ ಇನ್ನೊಂದು ತುದಿಯಲ್ಲಿ ಒರೆಸುತ್ತಿದ್ದಳು. "ಹೆಗಲ ಕೊಡ್ರೋ" ಕೇಳಿಸಿತು. "ಕೊಟ್ಟೇವೋ" ಕೇಳಿಸಿತು. ಒಂದು ಪೈಪು ಹೊರಗೆ ಬಂತು. ಅದರ ಬೆನ್ನಿಗೆ ಉಳಿದವೂ ಬಂದವು. ಯಾರೂ ಕರೆಯದೆ ಬಂದವು. ಸದ್ದು ನಿಂತಾಗ ಸಾಬಣ್ಣನ ಮುಖದ ಮೇಲೆ ಕೌದಿ ಬಿದ್ದಿತ್ತು. ಹೆಣಕ್ಕೆ ಹೊಚ್ಚಿದ ಹಾಗೆ. ಅವಳು ಓಡಿ ಹೋಗಿ ಎಳೆದಳು. ಅವನು ಕಣ್ಣು ಬಿಟ್ಟುಕೊಂಡೇ ಇದ್ದ. ಕಾಲು ಪೈಪಿನ ಕೆಳಗಿತ್ತು.

ಅವನನ್ನು ಟೆಂಪೋದಲ್ಲಿ ಹಾಕಿ ಕಳಿಸಿದ ಮೇಲೆ ಗುರಲಿಂಗಪ್ಪ ಕೂಗಿದ್ದು ಒಂದೇ ಮಾತು: "ಪೈಪ್ ವರಸ್ರಿ. ರಕ್ತ ಒಣಗಿದ್ರ ಕಲಿ ಬೀಳತೈತಿ."

ಆಶಾಬಿ ಅಳುತ್ತ ಒರೆಸಿದಳು. ಅವತ್ತೇ ಲಾರಿ ಡೈರಿಗೆ ಹೊರಟಿತು.

ಗುರಲಿಂಗಪ್ಪ ನೀರು ಕುಡಿದು ಹೋದ ಸಂಜೆ ತಿಪ್ಪವ್ವ ಹೋದಾಗ ವಿಜಯಪುರದ ಆಸ್ಪತ್ರೆಯಲ್ಲಿ ಸಾಬಣ್ಣ ಗೋಡೆಗೆ ಮುಖ ಮಾಡಿ ಮಲಗಿದ್ದ. ಒಂದು ಮೊಣಕಾಲ ಕೆಳಗೆ ಏನೂ ಇರಲಿಲ್ಲ. ಬಿಳಿ ಪಟ್ಟಿಯ ಮುದ್ದೆ. ತಲೆಯ ಹತ್ತಿರ ಒಂದು ಬುಟ್ಟಿ ದಾಳಿಂಬೆ. ದೊಡ್ಡವು, ಕೆಂಪಗೆ. ಈ ಕೇರಿಯವರು ಆಸ್ಪತ್ರೆಗೆ ತರುವಂಥವಲ್ಲ.

"ಯಾರ ಬಂದಿದ್ರು?" ತಿಪ್ಪವ್ವ ಮಗಳನ್ನು ಕೇಳಿದಳು.

"ಸಣ್ಣ ಸಾವ್ಕಾರ" ಅಂದಳು ವಿಶಾಖಾ. "ನನ್ನ ಹೊರಗ ಕಳಿಸಿ ಅಪ್ಪನ ಜೋಡಿ ಮಾತಾಡಿದ್ರು."

ತಿಪ್ಪವ್ವ ಬುಟ್ಟಿಯನ್ನು ಮಂಚದ ಕೆಳಗೆ ತಳ್ಳಿದಳು. ಸಾಬಣ್ಣ ತಿರುಗದೆಯೇ ಅಂದ:

"ಹೇಳಿಬಿಡು."

"ಏನ?"

"ನಾನ ತಂದು ಹಾಸಿದ್ನಿ ಅಂತ. ಯಾರೂ ಹೇಳಿದ್ದಿಲ್ಲ ಅಂತ."

ಗುರಲಿಂಗಪ್ಪನ ಬಾಯಲ್ಲಿದ್ದ ಮಾತು ಒಂದಕ್ಷರ ಹೆಚ್ಚುಕಡಿಮೆ ಇಲ್ಲದೆ ಗಂಡನ ಬಾಯಿಗೆ ಬಂದಿತ್ತು. ಇವನನ್ನೂ ಕೊಂಡರೇ? ಒಂದು ಬುಟ್ಟಿ ದಾಳಿಂಬೆಗೆ ಕೊಂಡರೇ? ಇಷ್ಟು ವರ್ಷ ಒಂದೇ ಕೌದಿಯಲ್ಲಿ ಮಲಗಿದವನನ್ನು ಅವಳು ಹೊಸಬನನ್ನು ನೋಡಿದ ಹಾಗೆ ನೋಡಿದಳು.

"ಕಾಲ ಕೊಟ್ಟಿ. ಈಗ ಹೆಸರೂ ಕೊಡ್ತೀ? ನಿಂದ ತಪ್ಪು ಅಂತ ಆದ್ರ ಅವರು ನಾಳೆ ನಿನಗ ಪರಿಹಾರ ಏನೂ ಕೊಡೂದು ಬರೂದಿಲ್ಲ. ಆಸ್ಪತ್ರಿ ಬಿಟ್ಟ ಮ್ಯಾಲ ಕುಂಟಗೋತ ಮನಿ ಸೇರೂದ. ಕುಡುದು ಬಿದ್ದ ಅಂತ ಊರೆಲ್ಲ ಅಂತೈತಿ. ಏನ ಕೊಟ್ಟಾರ ನಿನಗ? ಹೇಳು. ಕೂಸಿನ ಕುರ್ಚಿಗಿ ಬಾಯಿ ಮುಚಗೊಂಡ್ಯಾ?"

"ಆ ಕುರ್ಚಿ ನನಗ ಬ್ಯಾಡ" ಅಂದಳು ವಿಶಾಖಾ. "ಅದರಾಗ ಕುಂಡ್ರಬೇಕಂದ್ರ ಅಪ್ಪನ ಕಾಲ ಮ್ಯಾಲ ಕುಂತಂಗ."

ಸಾಬಣ್ಣ ಆಗ ತಿರುಗಿದ. ಕಣ್ಣು ಕೆಂಪಾಗಿದ್ದವು.

"ಅವತ್ತ ಕೌದಿ ಹಾಸಿದವರು ಯಾರ ತಿಪ್ಪವ್ವ?"

ಅವಳು ಮಂಚದ ಕಂಬಿ ಹಿಡಿದಳು.

"ನೀನ ಹಾಸಿದ್ದಿ. ಮುಂಜಾನೆ ಬಂದು ಝಾಡಿಸಿ ತಿರುವಿ ಹಾಸಿದ್ದಿ. ಸಣ್ಣ ಸಾವ್ಕಾರಗ ಅದೂ ಗೊತ್ತೈತಿ. ಅದನ್ನ ಹೇಳಾಕ ಬಂದಿದ್ದ. ನಿಂದ ತಪ್ಪು ಅಂತ ನೀ ಒಪ್ಪಲಿಲ್ಲಂದ್ರ ನಿನ್ನ ಹೆಂಡ್ತಿ ಮ್ಯಾಲ ಕೇಸ್ ಆಗತೈತಿ, ಗಂಡನ ಕಾಲ ಮುರದಾಕಿ ಅಂತ ಅಕೀನ ಒಳಗ ಹಾಕತಾರ ಅಂದ. ಹಣ್ಣ ಇಟ್ಟು ಹಿಂಗಂದ. ನನಗ ಕಾಲಂತೂ ಹೋತು. ನೀನೂ ಹೋದ್ರ ಕೂಸಿಗಿ ಯಾರ ಅದಾರ?"

ತಿಪ್ಪವ್ವ ಮಂಚದ ಅಂಚಿಗೆ ಕುಳಿತಳು. ಅಲ್ಲಿ ಕಾಲು ಇರಬೇಕಾಗಿತ್ತು. ಜಾಗ ಖಾಲಿಯಿತ್ತು.

ಅವಳಿಗೆ ಗಂಡನ ಹೆಸರು ಹೇಳು ಅಂದಿದ್ದಾರೆ. ಅವನಿಗೆ ಹೆಂಡತಿಯ ಹೆಸರು ತೋರಿಸಿ ಹೆದರಿಸಿದ್ದಾರೆ. ಹೇಗೆ ತಿರುವಿದರೂ ತಪ್ಪು ಒಂದೇ ಮನೆಯೊಳಗೆ ಬೀಳಬೇಕು.

ಸೋಮವಾರ ಟೆಂಪೋ ಹತ್ತಿದಳು. ಚಾದರದ ಚೀಲ ಕೈಯಲ್ಲಿತ್ತು. ಯಾಕೆ ತಂದಳೋ ಅವಳಿಗೇ ಗೊತ್ತಿರಲಿಲ್ಲ. ಮನೆಯಲ್ಲಿ ಅದು ಇರುವುದು ಬೇಡವಾಗಿತ್ತು.

ಗೋದಾಮು ಗುರುತು ಸಿಗದಂತಾಗಿತ್ತು. ಭಾನುವಾರ ರಜೆಯ ದಿನ ಯಾರೋ ಬಂದು ಎಲ್ಲ ಬದಲಿಸಿದ್ದರು. ನೆಲಕ್ಕೆ ಹಳದಿ ಪಟ್ಟಿ ಬಳಿದಿದ್ದರು. ಗೋಡೆಗೆ ಔಷಧಿಯ ಪೆಟ್ಟಿಗೆ ಬಂದಿತ್ತು. ಅದಕ್ಕೆ ಬೀಗ ಹಾಕಿತ್ತು, ಕೀಲಿ ಯಾರ ಹತ್ತಿರ ಅಂತ ಯಾರಿಗೂ ಗೊತ್ತಿರಲಿಲ್ಲ. ಎಲ್ಲರ ತಲೆಗೆ ಹಳದಿ ಹೆಲ್ಮೆಟ್ಟು. ತೋಳುಗಳ ತುದಿಗೆ ಗೂಟ ಮತ್ತೆ ಬಂದು ನಿಂತಿದ್ದವು. ಬೆಸುಗೆಯ ಸುತ್ತ ಬಣ್ಣ ಸುಟ್ಟು ಕಪ್ಪಾಗಿತ್ತು. ಎಲ್ಲ ತೋಳಿಗೂ ಕರಿ ರಬ್ಬರ್.

ಕೌದಿ ಒಂದೂ ಇರಲಿಲ್ಲ.

ಎತ್ತುವವರಿಗೆ ಮುಂದಿನವನಾಗಿ ಪ್ರತಾಪನನ್ನು ಮಾಡಿದ್ದರು. ಕೇರಿಯವನೇ, ತಿಪ್ಪವ್ವನನ್ನು ಚಿಗವ್ವ ಅನ್ನುವವನು. ಕಾಲಲ್ಲಿ ಹೊಸ ಬೂಟು. ಅವಳನ್ನು ನೋಡಿದವನೇ ಕಣ್ಣು ತಪ್ಪಿಸಿದ. ಇವನೂ ಹೋದ ಅಂದುಕೊಂಡಳು.

ಚೇತನಕುಮಾರ ಅವಳನ್ನು ಆಫೀಸಿಗೆ ಕರೆದ. ಕುರ್ಚಿ ತೋರಿಸಿದ. ಕೂರಲಿಲ್ಲ.

"ನಾನ ಸಾಹೇಬ ಅಂತ ತಿಳಕೋ. ಕೇಳಾಕತ್ತೇನಿ. ಕೌದಿ ಯಾರ ಹಾಸಿದ್ರವ್ವ?"

ಅವಳು ನೆಲ ನೋಡಿದಳು.

"ಹೆದರಬ್ಯಾಡ. ನಮ್ಮ ಮನ್ಯಾವ್ರು ಅನ್ನು. ಎಷ್ಟ ಕೌದಿ? ಒಂದ. ಅದೊಂದ. ಬ್ಯಾರೆ ಯಾರೂ ಹಾಸಿದ್ದಿಲ್ಲ, ಎಲ್ಲಾ ಕಡೆ ಮದಲಿಂದ ರಬ್ಬರ್ ಇತ್ತು. ಇಷ್ಟ."

"ನೆನಪ ಮಾಡ್ಕೋತೇನ್ರಿ" ಅಂದಳು.

ಅರಿವೆ ಹಿಡಿದು ಪೈಪು ಒರೆಸಲು ನಿಂತಳು. ಬಾಗಿಲ ಹತ್ತಿರದ ರ್ಯಾಕಿನ ರಬ್ಬರ್ ದಪ್ಪಗಿತ್ತು, ತೋಳಿನ ಸುತ್ತ ಬಿಗಿದಿತ್ತು. ಒಳಗಿನ ರ್ಯಾಕಿಗೆ ಹೋದಳು. ಅಲ್ಲಿ ಬೆಳಕು ಕಡಿಮೆ. ಕಣ್ಣಿಗೆ ಅಲ್ಲಿಯೂ ರಬ್ಬರ್ ಕಂಡಿತು. ಒರೆಸುತ್ತ ಒರೆಸುತ್ತ ಬೆರಳು ಪೈಪಿನ ಕೆಳಗೆ ಹೋಯಿತು.

ಮೆತ್ತಗೆ. ಬಟ್ಟೆ.

ಕೈ ಅಲ್ಲಿಯೇ ನಿಂತಿತು. ರಬ್ಬರ್ ತೋಳಿನ ಮುಂದೆ ಮತ್ತು ಪಕ್ಕಕ್ಕೆ ಮಾತ್ರ ಅಂಟಿಸಿದ್ದರು. ಜೋತುಬಿದ್ದ ಕೌದಿಯ ಅಂಚನ್ನು ಬ್ಲೇಡಿನಿಂದ ಕೊಯ್ದಿದ್ದರು. ಪೈಪಿನ ಕೆಳಗಿನದು ಕೆಳಗೇ ಇತ್ತು.

ಅವಳಿಗೆ ತಿಳಿಯಿತು. ಭಾನುವಾರ ಎತ್ತುವವರಿಗೆ ರಜೆ. ಇವರಿಗೆ ಬಣ್ಣ ಬಳಿಯಲು ಬಂತು, ಬೆಸೆಯಲು ಬಂತು, ಕೊಯ್ಯಲು ಬಂತು. ಆ ಪೈಪು ಎತ್ತಲು ಇವರ ಹತ್ತಿರ ಹೆಗಲು ಇರಲಿಲ್ಲ.

ಪಕ್ಕದಲ್ಲಿದ್ದ ಆಶಾಬಿಯ ಕೈ ಹಿಡಿದು ಪೈಪಿನ ಕೆಳಗೆ ತೂರಿಸಿದಳು. ಆಶಾಬಿಯ ಬೆರಳು ಹೊಲಿಗೆಯ ಮೇಲೆ ಓಡಿದವು. ಕುರುಡಿ ಮಗುವಿನ ಮುಖ ಸವರಿದ ಹಾಗೆ.

"ಯಕ್ಕಾ" ಉಸಿರಿನಲ್ಲೇ ಅಂದಳು, "ಇದು ನಂದ. ನಾ ದಾರ ಜೋಡ ಎಳೀತೇನಿ. ಇದು ನನ್ನ ಕೈ."

"ಬಾಯಿ ಮುಚಗೊಂಡ ವರಸು."

"ಪ್ರತಾಪಗ ಹೇಳೂಣೇನು?"

ತಿಪ್ಪವ್ವ ಆ ಹೊಸ ಬೂಟಿನ ಕಡೆ ನೋಡಿದಳು. "ಬ್ಯಾಡ."

ಮಂಗಳವಾರ ಸಾಹೇಬರು ಬಂದರು. ಚೇತನಕುಮಾರನ ಕಾರಿನಲ್ಲೇ ಬಂದಿಳಿದರು. ಅವಳು ಅದನ್ನೂ ನೋಡಿಕೊಂಡಳು. ಆಫೀಸಿನಲ್ಲಿ ತಟ್ಟೆ ಸದ್ದಾಯಿತು, ನಗು ಕೇಳಿಸಿತು. ಬಹಳ ಹೊತ್ತಿನ ಮೇಲೆ ಬಾಯಿ ಒರೆಸಿಕೊಂಡು ಹೊರಗೆ ಬಂದರು. ಕೆಲಸದವರು ಹಳದಿ ಪಟ್ಟಿಯ ಹಿಂದೆ ಸಾಲಾಗಿ ನಿಂತಿದ್ದರು. ಸಾಹೇಬರು ಬಾಗಿಲ ಹತ್ತಿರದ ರ್ಯಾಕನ್ನು ಒಮ್ಮೆ ತಟ್ಟಿ ನೋಡಿ "ಚಲೋ ಐತಿ" ಅಂದರು. ಒಳಗಿನ ರ್ಯಾಕಿನ ಕಡೆ ಹೋಗಲಿಲ್ಲ.

"ಪೆಟ್ಟಾದವನ ಮನಿಯಾಕಿ ಯಾರು?"

ಗುರಲಿಂಗಪ್ಪ ಅವಳ ಬೆನ್ನಿಗೆ ಬೆರಳು ಚುಚ್ಚಿದ. ಮುಟ್ಟಬಾರದ ಬೆನ್ನು ಇವತ್ತು ಮುಟ್ಟಲು ಬಂತು.

"ಕೌದಿ ಯಾರ ಹಾಸಿದ್ರವ್ವ?"

"ನಾನ್ರಿ."

ಚೇತನಕುಮಾರನ ಹುಬ್ಬು ಮೇಲೇರಿತು. ಆಮೇಲೆ ಅವನ ತುಟಿಯ ಅಂಚಿನಲ್ಲಿ ನಗು ಮೂಡಿತು. ಗಂಡ ಅಲ್ಲದಿದ್ದರೆ ಹೆಂಡತಿ. ಯಾರಾದರೂ ಆದೀತು.

"ನಾ ಹಾಸೇನ್ರಿ. ಗುರಲಿಂಗಪ್ಪ ಹಾಸು ಅಂದ್ರು, ಹಾಸಿದ್ನಿ. ಆಶಾಬಿ ಹಾಸ್ಯಾಳ. ಇಲ್ಲಿ ನಿಂತಾವ್ರೆಲ್ಲಾ ಹಾಸ್ಯಾರ. ಕೌದಿ ತರಲಿಲ್ಲಂದ್ರ ಟೆಂಪೋ ಹತ್ತಬ್ಯಾಡ್ರಿ ಅಂದಿದ್ರು. ಗೂಟ ಕೊಯ್ಸಿದವರೂ ಅವರ. ಪೈಪ್ ಜರಗಾಕತ್ತಾವ ಅಂತ ನನ್ನ ಗಂಡ ಹೇಳಿದ್ರ ಕುಡುದಿ ಅಂದವರೂ ಅವರ."

"ಏ ಹುಚ್ಚಿ!" ಗುರಲಿಂಗಪ್ಪ ನುಗ್ಗಿದ. ಚೇತನಕುಮಾರ ಕೈ ಅಡ್ಡ ಹಿಡಿದ. ಅವನ ದನಿ ಮೆತ್ತಗಿತ್ತು.

"ಗಂಡನ ಕಾಲ ಹೋಗೇತಿ ಸರ್, ತಲಿ ಕೆಟ್ಟೈತಿ. ಎಲ್ಲಾರೂ ಹಾಸಿದ್ರ ಕೌದಿ ಎಲ್ಲಿ ಅದಾವ ಕೇಳ್ರಿ. ಮದಲಿಂದ ರಬ್ಬರ್ ಐತಿ."

ಸಾಹೇಬರು ರ್ಯಾಕಿನ ಕಡೆ ಕೈ ಮಾಡಿದರು. "ಕಣ್ಣಿಗಿ ರಬ್ಬರ್ ಕಾಣಾಕತ್ತೈತಿ. ಇಲ್ಲದ್ದು ಹೇಳಬಾರದವ್ವ. ನಿನಗ ತ್ರಾಸ ಆಗತೈತಿ."

ತಿಪ್ಪವ್ವ ಅವರ ಮುಖ ನೋಡಿದಳು. ಈ ಮನುಷ್ಯ ಬಗ್ಗಿ ನೋಡುವುದಿಲ್ಲ. ನೋಡಲು ಬಂದವನೂ ಅಲ್ಲ. ಅವನಿಗೆ ತೋರಿಸಿ ಪ್ರಯೋಜನವಿಲ್ಲ ಅನ್ನುವುದು ಅವಳಿಗೆ ಚಾದರದ ಬಣ್ಣದಷ್ಟೇ ಸ್ಪಷ್ಟವಾಯಿತು. ಆದರೆ ಹಳದಿ ಪಟ್ಟಿಯ ಹಿಂದೆ ನಿಂತವರು ನೋಡುತ್ತಿದ್ದರು.

ಹೆಲ್ಮೆಟ್ ತೆಗೆದು ನೆಲಕ್ಕಿಟ್ಟಳು. ಒಳಗಿನ ರ್ಯಾಕಿನ ಮುಂದೆ ಹೋಗಿ ಪೈಪಿನ ಮೇಲೆ ಕೈಯಿಟ್ಟು ನಿಂತಳು. ಹೊಟ್ಟೆಯೊಳಗಿನಿಂದ ಕೂಗಿದಳು:

"ಹೆಗಲ ಕೊಡ್ರೋ!"

ಯಾರೂ ಅಲುಗಲಿಲ್ಲ. ಈ ಗೋದಾಮಿನಲ್ಲಿ ಹೆಂಗಸು ಕೂಗಿದ್ದನ್ನು ಯಾರೂ ಕೇಳಿರಲಿಲ್ಲ. ಗುರಲಿಂಗಪ್ಪ ನಕ್ಕ. "ಗಂಡನ ಜಾಗಾಕ ಬಂದ್ಳು ನೋಡ್ರಿ."

"ಹೆಗಲ ಕೊಡ್ರೋ!"

ಗಂಟಲು ಒಡೆದಿತ್ತು. ಕೂಗು ತಗಡಿಗೆ ಬಡಿದು ತಿರುಗಿ ಬಂತು. ಅವಳ ಹಿಂದೆ ಬೂಟಿನ ಸದ್ದಾಯಿತು. ಅವಳು ತಿರುಗಿ ನೋಡಲಿಲ್ಲ. ಹಿಡಿದು ಹೊರಗೆ ಹಾಕಲು ಬಂದ ಅಂದುಕೊಂಡಳು.

ಪ್ರತಾಪ ಅವಳ ಪಕ್ಕದಲ್ಲಿ ಬಗ್ಗಿದ. ಪೈಪಿನ ಕೆಳಗೆ ಹೆಗಲು ಕೊಟ್ಟ.

"ಕೊಟ್ಟೇನೋ!"

ಆಮೇಲೆ ಒಬ್ಬ. ಆಮೇಲೆ ಇನ್ನೊಬ್ಬ. ಆಮೇಲೆ ಒಟ್ಟಿಗೆ, "ಕೊಟ್ಟೇವೋ!"

ಮೊದಲ ಪೈಪು ಗೂಟದ ಮೇಲಿನಿಂದ ಎದ್ದು ಬಂತು. ನೆಲದ ಮೇಲೆ ಆಶಾಬಿ ಹಲಗೆ ಇಟ್ಟಳು. ಪೈಪನ್ನು ಕೂಸನ್ನು ಮಲಗಿಸಿದ ಹಾಗೆ ಮಲಗಿಸಿದರು. ಎರಡನೆಯದು ಬಂತು. ಮತ್ತೊಂದು ಬಂತು. ಚೇತನಕುಮಾರನ ಮೆತ್ತಗಿನ ದನಿ ಹಾರಿಹೋಯಿತು.

"ಮುಟ್ಟಬ್ಯಾಡ್ರಿ! ಗಿರಾಕಿ ಮಾಲ ಅದು! ಕೆಲಸದಿಂದ ತಗದ ಹಾಕ್ತೇನಿ ಒಬ್ಬೊಬ್ಬರ್ನ!"

"ದಿನಾ ಮುಟ್ಟಾವ್ರು ನಾವ ಅಲ್ಲೇನ್ರಿ" ಅಂದ ಪ್ರತಾಪ, ಹೆಗಲ ಮೇಲೆ ಪೈಪು ಹೊತ್ತುಕೊಂಡೇ. "ಚಿಗವ್ವಾ, ಕೂಗು."

ಅವಳು ಕೂಗಿದಳು. ಅವರು ಹೆಗಲು ಕೊಟ್ಟರು. ಸಾಹೇಬರು ಫೋನು ಕಿವಿಗಿಟ್ಟುಕೊಂಡು ಆಚೆ ಸರಿದರು. ಫೋನು ಯಾರದೂ ಬಂದಿರಲಿಲ್ಲ.

ತೋಳು ಬರಿದಾದವು. ಆಶಾಬಿ ರಬ್ಬರಿನ ಪಟ್ಟಿಗೆ ಉಗುರು ಹಾಕಿ ಕಿತ್ತಳು. ಕೆಳಗೆ ಕೌದಿ. ಭಾರಕ್ಕೆ ಚಪ್ಪಟೆಯಾಗಿತ್ತು, ಅಂಚು ಕೊಯ್ದಿತ್ತು, ನಡುವಿನ ಹೊಲಿಗೆ ಗಟ್ಟಿಯಿತ್ತು. ಎದೆಗೆ ಹಿಡಿದು ಸಾಹೇಬರ ಮುಂದೆಯೇ ತಂದಳು.

"ಇದು ನಂದ್ರಿ. ಆಶಾಬಿ ಅಂತಾರ ನನಗ. ಇದು ನಮ್ಮತ್ತಿ ಬುರ್ಖಾದ ತುಂಡ, ಇದು ನನ್ನ ಮಗನ ಸಾಲಿ ಅಂಗಿ. ಕೈ ಹಚ್ಚಿ ನೋಡ್ರಿ."

ಸಾಹೇಬರು ಕೈ ಹಚ್ಚಲಿಲ್ಲ. ಒಂದು ಹೆಜ್ಜೆ ಹಿಂದೆ ಹೋದರು.

ಒಬ್ಬೊಬ್ಬ ಹೆಂಗಸು ಹೋಗಿ ಕಿತ್ತು ತಂದಳು. ಇದು ನಂದು. ಇದು ನಮ್ಮವ್ವಂದು. ಇದು ನನ್ನ ಬಾಣಂತನದ್ದು. ಯಾರಿಗೂ ಗುರುತು ತಪ್ಪಲಿಲ್ಲ. ಹೊಸದಾಗಿ ಬಳಿದ ಹಳದಿ ಪಟ್ಟಿಯ ಮೇಲೆ ಕೌದಿಗಳು ಬಿದ್ದವು. ಪಟ್ಟಿ ಕಾಣದಂತಾಯಿತು. ಸಾಬಣ್ಣ ಮನೆಯಿಂದ ತಾನೇ ತಂದು ಹಾಸಿದ ಒಂದೇ ಒಂದು ಕೌದಿ ಅಂದಿದ್ದರು. ಗೋದಾಮಿನ ನೆಲ ತುಂಬ ಅದೇ ಒಂದೇ ಒಂದು ಕೌದಿ ಹರಡಿತ್ತು.

ತಿಪ್ಪವ್ವನದು ಇರಲಿಲ್ಲ. ಅವಳಿಗೆ ಗೊತ್ತಿತ್ತು. ಆದರೂ ಸಾಬಣ್ಣ ಬಿದ್ದ ರ್ಯಾಕಿಗೆ ಹೋದಳು. ಅಲ್ಲಿ ಪೈಪು ಇರಲಿಲ್ಲ, ಕೌದಿ ಇರಲಿಲ್ಲ, ಹೊಸ ರಬ್ಬರ್ ಮಾತ್ರ. ತೋಳು ಕಂಬಕ್ಕೆ ಸೇರುವ ಸಂದಿನಲ್ಲಿ ಕೈಯಾಡಿಸಿದಳು. ಹರಿದ ಒಂದು ಮೂಲೆ ಸಿಕ್ಕಿಕೊಂಡಿತ್ತು. ಎಳೆದಾಗ ಹೊಲಿಗೆ ಬಿಚ್ಚಿ ನಾಲ್ಕು ಕಾಳು ಜೋಳ ಅಂಗೈಗೆ ಉದುರಿದವು.

ಮುಷ್ಟಿ ಬಿಗಿದಳು. ಅಲ್ಲಿಯ ತನಕ ಅತ್ತಿರಲಿಲ್ಲ. ಅಲ್ಲಿಯೂ ಅಳಲಿಲ್ಲ.

ಸೋಮವಾರ ತಂದು ಕಂಬಕ್ಕೆ ತೂಗಹಾಕಿದ್ದ ಚೀಲದಿಂದ ಚಾದರ ತೆಗೆದು ಝಾಡಿಸಿದಳು. ಕೆಂಪು ನೆಲ, ಹಳದಿ ಹೂವು. ಅದೇ ತೋಳಿನ ಮೇಲೆ ಅಚ್ಚುಕಟ್ಟಾಗಿ ಹಾಸಿದಳು.

"ಇದು ನಿಮ್ಮದ್ರಿ ಸಾವ್ಕಾರ. ನಿಮ್ಮ ಪೈಪಿಗಿ ಹಾಸ್ಕೋರಿ. ಇನ್ನೊಮ್ಮೆ ಜಾರಿದ್ರ ಚಾದರ ಯಾರ್ದು ಅಂತ ಕೇಳೂದು ಬ್ಯಾಡ."

ಸಾಹೇಬರು ಬಂದ ಕಾರು ಚೇತನಕುಮಾರನದೇ ಆಗಿದ್ದರಿಂದ ಅವರಿಗೆ ಹೊರಟು ಹೋಗಲೂ ಬರಲಿಲ್ಲ. ನಿಂತರು. ಹೊರಗೆ ಲಾರಿ ಹಾರ್ನ್ ಹೊಡೆಯಿತು. ಇವತ್ತಿನ ಮಾಲು ತುಂ‍ಬಿಕೊಳ್ಳಲು ಬಂದಿತ್ತು. ಪೈಪೆಲ್ಲ ನೆಲದ ಮೇಲೆ ಹಲಗೆಯ ಮೇಲೆ ಮಲಗಿದ್ದವು. ಒಂದಕ್ಕೂ ಗೀರಾಗಿರಲಿಲ್ಲ. ಹೆಂಗಸರು ಕೌದಿ ಮಡಿಸಿ ಬಗಲಿಗೆ ಹಿಡಿದುಕೊಂಡರು. ಗಂಡಸರು ಕೈ ಕಟ್ಟಿಕೊಂಡು ನಿಂತರು. ಪ್ರತಾಪ ಹೊಸ ಬೂಟು ಬಿಚ್ಚಿ ಬೀಗ ಹಾಕಿದ ಔಷಧಿ ಪೆಟ್ಟಿಗೆಯ ಕೆಳಗೆ ಇಟ್ಟುಬಂದ.

"ಏನ ನಿಂತೀರಿ? ಲಾರಿ ಬಂದೈತಿ! ಎತ್ತರಿ!" ಚೇತನಕುಮಾರ ಕಿರುಚಿದ. ಯಾರೂ ಅವನ ಕಡೆ ನೋಡಲಿಲ್ಲ. ಅವನು ಗುರಲಿಂಗಪ್ಪನನ್ನು ಮುಂದಕ್ಕೆ ದೂಡಿದ.

ಗುರಲಿಂಗಪ್ಪ ಪೈಪಿನ ತುದಿಗೆ ಬಂದು ನಿಂತ. ಅದಕ್ಕೆ ಕೈ ಹಾಕಿ ಎತ್ತಲು ನೋಡಿದ. ತುದಿ ಒಂದು ಗೇಣು ಎದ್ದಿತು. ಇನ್ನೊಂದು ತುದಿ ನೆಲ ಬಿಡಲಿಲ್ಲ. ಬಾಟಲಿಗಾಗಿ ಆಚೀಚೆ ನೋಡಿದ, ಕಾಣಲಿಲ್ಲ. ಒಣಗಿದ ಬಾಯಿ ತೆರೆದು ಕೂಗಿದ:

"ಹೆಗಲ ಕೊಡ್ರೋ!"

ಲಾರಿಯ ಹಾರ್ನ್ ಮತ್ತೊಮ್ಮೆ ಕೇಳಿಸಿತು. ಬೇರೆ ಯಾವ ದನಿಯೂ ಬರಲಿಲ್ಲ.